ಅಲ್ಲಿ ಈಗ ಯಾವ ಮಳೆ?

ಜುಲೈ ಎರಡನೆಯ ವಾರ ಫೋನಿನಲ್ಲಿ ಅಮ್ಮ ಕೇಳಿದಳು: "ಅಲ್ಲಿ ಈಗ ಯಾವ ಮಳೆ?" "ಮಧ್ಯಾಹ್ನದ ಮಳೆ" ಎಂದುಬಿಟ್ಟೆ. ತೀರ್ಥಹಳ್ಳಿಯಲ್ಲಿ ಹುಟ್ಟಿದವನು ಕೊಡುವ ಉತ್ತರವೇ ಇದು? ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದರ ಹೆಸರೇ ನಮ್ಮಲ್ಲಿ ಆಗಿನ ಮಳೆಗೆ. "ಇಲ್ಲಿ ಪುನರ್ವಸು ಹಿಡಿದಿದೆ. ಸೂರ್ಯ ಒಬ್ಬನೇ ಅಲ್ಲವೇನೋ, ಅಲ್ಲಿಯೂ ಅದೇ ಇರಬೇಕು" ಎಂದಳು. ಚುಚ್ಚಿದಂತಾಯಿತು.

ನಾನಿರುವುದು ಅಮೆರಿಕದ ಅಲಬಾಮಾ ರಾಜ್ಯದ ಬಾಲ್ಡ್ವಿನ್ ಕೌಂಟಿಯಲ್ಲಿ. ಮೆಕ್ಸಿಕೋ ಕೊಲ್ಲಿಯ ದಂಡೆಯಿಂದ ಒಳಗೆ ಹೋದರೆ ಶೇಂಗಾ, ಹತ್ತಿ, ಅಕ್ರೋಟಿನಂಥ ಕಾಯಿ ಬಿಡುವ ಪೆಕಾನ್ ಮರಗಳ ತೋಟ. ಮಲೆನಾಡಿನವನಿಗೆ ಮಳೆಯ ವಿಷಯದಲ್ಲಿ ಇವರೇನು ಹೇಳಿಯಾರು ಎಂಬ ಗತ್ತಿನಲ್ಲೇ ಬಂದೆ. ಪಕ್ಕದ ಮೊಬೀಲ್ ನಗರಕ್ಕೆ ವರ್ಷಕ್ಕೆ ಸುಮಾರು 65 ಇಂಚು, ಅಂದರೆ 1,650 ಮಿ.ಮೀ. ಆಗುಂಬೆಯ ಒಂದು ಜುಲೈಗೆ ಅದು ಸಾಲದು, ನಿಜ. ಆದರೆ ನಮ್ಮದು ನಾಲ್ಕು ತಿಂಗಳಲ್ಲಿ ಎಲ್ಲವನ್ನೂ ಸುರಿದು, ಬೇಸಿಗೆಯಲ್ಲಿ ಬಾವಿಯ ತಳ ತೋರಿಸುತ್ತದೆ. ಇಲ್ಲಿಯದು ವರ್ಷವಿಡೀ ಬರುತ್ತದೆ, ಅಕ್ಟೋಬರ್‌ನಲ್ಲಿ ತುಸು ಕೈ ಬಿಗಿ ಮಾಡುತ್ತದೆ ಅಷ್ಟೇ.

ಬೇಸಿಗೆಯ ದಿನವಂತೂ ಗಡಿಯಾರ ನೋಡಿಕೊಂಡೇ ನಡೆಯುತ್ತದೆ. ಬೆಳಿಗ್ಗೆ ಅಂಗಿ ಬೆನ್ನಿಗೆ ಅಂಟುವ ಸೆಕೆ. ನೆಲ ಕಾದಂತೆ ಕೊಲ್ಲಿಯ ತೇವದ ಗಾಳಿ ಒಳನುಗ್ಗಿ ಮೋಡ ಕಟ್ಟುತ್ತದೆ. ಎರಡು ಗಂಟೆಗೆ ಗುಡುಗು, ಮೂರಕ್ಕೆ ಜಡಿಮಳೆ, ನಾಲ್ಕಕ್ಕೆ ಮತ್ತೆ ಬಿಸಿಲು. ಡಾಂಬರು ರಸ್ತೆಯಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ. ಪಕ್ಕದ ಹೊಲದ ಅಜ್ಜ ಬೇಲಿ ಗೂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರಿನ ಗೆರೆ ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಇಂಚು ಬರೆದು, ನೀರು ಚೆಲ್ಲುತ್ತಾನೆ. ಮುಗಿಯಿತು. ಹೆಸರಿಲ್ಲ, ಗಾದೆಯಿಲ್ಲ, ಕಂಬಳಿಕೊಪ್ಪೆಯಿಲ್ಲ, ಹುರಿದ ಹಲಸಿನ ಹಪ್ಪಳವಂತೂ ಕೇಳಲೇಬೇಡಿ.

ಇವರು ಹೆಸರಿಡುವುದು ಚಂಡಮಾರುತಕ್ಕೆ ಮಾತ್ರ. 2004ರ ಸೆಪ್ಟೆಂಬರ್ 16ರಂದು ಐವಾನ್ ಈ ದಂಡೆಗೆ ಅಪ್ಪಳಿಸಿತು. ಹದಿನಾರು ವರ್ಷದ ನಂತರ ಅದೇ ತಾರೀಖಿಗೆ ಸ್ಯಾಲಿ. ತೋಟದ ಸಾಲಿನಲ್ಲಿ ಹಲ್ಲು ಬಿದ್ದಂತೆ ಕಾಣುವ ಖಾಲಿ ಜಾಗಗಳನ್ನು ತೋರಿಸಿ "ಇದು ಐವಾನ್, ಇದು ಸ್ಯಾಲಿ" ಎನ್ನುತ್ತಾನೆ ಅಜ್ಜ. ಹಾನಿ ವಿಪರೀತವಾದರೆ ಆ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕುತ್ತಾರೆ. ಐವಾನ್ ಹಾಗೆ ಹೋಯಿತು. ನಮ್ಮಲ್ಲಿ ಆಶ್ಲೇಷ ಎಷ್ಟು ತೋಟ ಕೊಳೆಸಿದರೂ ಮರುವರ್ಷ ಆಶ್ಲೇಷವೇ.

ನನ್ನ ಮಟ್ಟಿಗೆ ನಮ್ಮದೇ ಮೇಲು. ಆರಿದ್ರಾ ಎಂದರೆ ಸಸಿಮಡಿ ನೋಡಿಕೋ, ಪುಷ್ಯ ಎಂದರೆ ನಾಟಿಗೆ ಆಳು ಹುಡುಕು, ನಡುವೆ ಹೊಳವಾದರೆ ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆ. ಹೆಸರಿನಲ್ಲೇ ಕೆಲಸವಿದೆ. ಇಂಚು ಏನು ಹೇಳುತ್ತದೆ?

ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಅಜ್ಜನ ಕೊಳವೆ ಬಿದ್ದದ್ದನ್ನು ಮಾತ್ರ ಹೇಳುತ್ತದೆ, ಬೀಳಬೇಕಾದದ್ದನ್ನಲ್ಲ. 2023ರ ಜೂನ್‌ನಲ್ಲಿ ನಮ್ಮ ಪಂಚಾಂಗದಲ್ಲಿ ಮೃಗಶಿರ ಬಂತು, ಹೋಯಿತು. ಅಂಗಳದಲ್ಲಿ ಧೂಳು ಹಾರುತ್ತಿತ್ತು. ಆ ತಿಂಗಳು ಪೂರ್ತಿ ಅಮ್ಮ ಫೋನಿನಲ್ಲಿ ಯಾವ ಮಳೆ ಎಂದು ಒಮ್ಮೆಯೂ ಕೇಳಲಿಲ್ಲ.