2147483647: ಹತ್ತೇ ಅಂಕಿ, ಆದರೂ ನನಗೆ ತುಂಬ ಇಷ್ಟದ ಸಂಖ್ಯೆ

ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕಾಗಲೆಲ್ಲ ಸುದ್ದಿಯಾಗುವುದು ಅದರಲ್ಲಿ ಎಷ್ಟು ಅಂಕಿ ಇವೆ ಅನ್ನೋದು ಮಾತ್ರ. 2024ರ ಅಕ್ಟೋಬರಿನಲ್ಲಿ ಸಿಕ್ಕಿದ್ದರಲ್ಲಿ 4 ಕೋಟಿ 10 ಲಕ್ಷಕ್ಕೂ ಜಾಸ್ತಿ ಅಂಕಿಗಳಿವೆ. ಸರಿ, ದೊಡ್ಡದೇ. ಆದರೆ ಅದು ಅವಿಭಾಜ್ಯ ಅಂತ ಹೇಗೆ ಖಾತ್ರಿಯಾಯಿತು ಅಂತ ಯಾರೂ ಬರೆಯುವುದಿಲ್ಲ. ನನ್ನ ಪ್ರಕಾರ ಸೊಗಸೆಲ್ಲ ಇರುವುದು ಅಲ್ಲೇ.

2147483647 ತಗೊಳ್ಳಿ. 2ರ 31ನೇ ಘಾತದಲ್ಲಿ 1 ಕಳೆದರೆ ಇದು ಬರುತ್ತದೆ. ಶಾಲೆಯಲ್ಲಿ ಕಲಿತ ದಾರಿ ಹಿಡಿದರೆ ಇದರ ವರ್ಗಮೂಲದವರೆಗೆ, ಅಂದರೆ 46340ರವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಸುಮಾರು 4800 ಭಾಗಾಕಾರ! 1772ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದ್ದ ಗಣಿತಜ್ಞ ಆಯ್ಲರ್ ಅಷ್ಟನ್ನೂ ಮಾಡದೆಯೇ ಇದು ಅವಿಭಾಜ್ಯ ಅಂತ ತೋರಿಸಿದರು. ಆ ಹೊತ್ತಿಗೆ ಅವರಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು.

ಅವರ ಯೋಚನೆ ನೋಡಿ. ಈ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯವೊಂದು ಇದೆ ಅಂದುಕೊಳ್ಳಿ, ಅದನ್ನು ‘ಪ’ ಅನ್ನೋಣ. 2, 4, 8, 16 ಅಂತ ಘಾತಗಳನ್ನು ‘ಪ’ದಿಂದ ಭಾಗಿಸುತ್ತ ಹೋದರೆ 31ನೇ ಹೆಜ್ಜೆಗೆ ಶೇಷ 1 ಬರುತ್ತದೆ, ಮತ್ತೆ 62ಕ್ಕೆ, 93ಕ್ಕೆ. 31 ಅವಿಭಾಜ್ಯವಾದ್ದರಿಂದ ನಡುವೆ ಎಲ್ಲೂ 1 ಬರುವ ಹಾಗಿಲ್ಲ. ಗಣಿತಜ್ಞ ಫರ್ಮಾನ ನಿಯಮದ ಪ್ರಕಾರ ‘ಪ’ಕ್ಕಿಂತ ಒಂದು ಕಡಿಮೆ ಹೆಜ್ಜೆಯಲ್ಲೂ 1 ಬರಲೇಬೇಕು. ಅಂದರೆ ‘ಪ’ದಲ್ಲಿ 1 ಕಳೆದರೆ ಉಳಿಯುವುದು 31ರ ಗುಣಕ. ‘ಪ’ ಬೆಸಸಂಖ್ಯೆ, ಹಾಗಾಗಿ 62ರ ಗುಣಕ. ಇದರ ಜೊತೆಗೆ, ‘ಪ’ವನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಮಾತ್ರ ಬರಬೇಕು ಅನ್ನೋ ಇನ್ನೊಂದು ನಿಯಮವೂ ಇದೆ. ಎರಡನ್ನೂ ಸೇರಿಸಿದರೆ, 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಬರುವ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು.

ಈ ಜರಡಿಯಲ್ಲಿ ಮೊದಲು ಉಳಿಯುವ ಅವಿಭಾಜ್ಯ 311. ಭಾಗಿಸಿ ನೋಡಿ, ಶೇಷ 35. ಅದಾದ ಮೇಲೆ ನೇರವಾಗಿ 1303! ನಡುವಿನ ನೂರಕ್ಕೂ ಹೆಚ್ಚು ಭಾಗಾಕಾರ ಮಾಡುವ ಮೊದಲೇ ಮಾಯ. ಇದನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ಆದ ಖುಷಿಯನ್ನು 4 ಕೋಟಿ ಅಂಕಿಗಳ ಸುದ್ದಿ ನನಗೆ ಕೊಟ್ಟಿಲ್ಲ.

ಇದರಿಂದ ಏನುಪಯೋಗ ಅಂತ ಕೇಳುವವರು ಆಗಲೂ ಇದ್ದರು. 1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ, ಈ ಅವಿಭಾಜ್ಯದಿಂದ ಹುಟ್ಟುವ ಪರಿಪೂರ್ಣ ಸಂಖ್ಯೆಗಿಂತ (ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಬರುವ ಸಂಖ್ಯೆ) ದೊಡ್ಡದನ್ನು ಯಾರೂ ಹುಡುಕಲಾರರು, ಇವು ಕುತೂಹಲಕ್ಕಷ್ಟೇ, ಉಪಯೋಗಕ್ಕಲ್ಲ ಅಂತ ಬರೆದರು. 1876ರಲ್ಲಿ ಗಣಿತಜ್ಞ ಲ್ಯೂಕಾಸ್ ಇದೇ ಬಗೆಯ 39 ಅಂಕಿಯ ಅವಿಭಾಜ್ಯ ತೋರಿಸಿಕೊಟ್ಟರು, ಅದರಿಂದ ಇನ್ನೂ ದೊಡ್ಡ ಪರಿಪೂರ್ಣ ಸಂಖ್ಯೆ ಸಿಕ್ಕಿತು. ಉಪಯೋಗವೂ ಬಂತು. ಒಂದು ಸಂಖ್ಯೆಯಿಂದ ಶುರುಮಾಡಿ, ಪ್ರತಿ ಸಲ ಹಿಂದಿನ ಸಂಖ್ಯೆಯನ್ನು 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ತಗೊಳ್ಳಿ: ಕಂಪ್ಯೂಟರಿನಲ್ಲಿ ಯಾದೃಚ್ಛಿಕ (ರ‍್ಯಾಂಡಮ್) ಸಂಖ್ಯೆಗಳನ್ನು ಹುಟ್ಟಿಸುವ ಹೆಸರಾಂತ ವಿಧಾನ ಇದು. 1ರಿಂದ 2147483646ರವರೆಗಿನ ಎಲ್ಲ ಸಂಖ್ಯೆಗಳೂ ಬಂದು ಮುಗಿಯುವವರೆಗೆ ಒಂದೂ ಮರುಕಳಿಸುವುದಿಲ್ಲ. ಭಾಜಕ ಅವಿಭಾಜ್ಯ ಆಗಿರದಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಶಾಲೆಗಳಲ್ಲಿ ಅವಿಭಾಜ್ಯದ ವ್ಯಾಖ್ಯೆ ಬರೆಸಿ, 100ರವರೆಗಿನ ಪಟ್ಟಿ ಬಾಯಿಪಾಠ ಮಾಡಿಸಿ ಸುಮ್ನೆ ಮುಂದಿನ ಪಾಠಕ್ಕೆ ಹೋಗುತ್ತಾರೆ, ಅಲ್ವಾ? ಹತ್ತನೇ ಕ್ಲಾಸಿನ ಮಕ್ಕಳಿಗೆ 62ರ ಈ ತರ್ಕವನ್ನು ಒಂದೇ ಪೀರಿಯಡ್‌ನಲ್ಲಿ ಹೇಳಿಕೊಡಬಹುದು. ಗಣಿತದ ಮೇಷ್ಟ್ರುಗಳು, ಮೇಡಂಗಳು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮಾಡಿ ನೋಡಿ. 8ರ ನಿಯಮವನ್ನು ಸದ್ಯಕ್ಕೆ ಹಾಗೇ ಒಪ್ಪಿಕೊಳ್ಳಿ ಅಂದರೂ ಸಾಕು, 311 ಮತ್ತು 1303ನ್ನು ಅವರೇ ಹುಡುಕಿ ತೆಗೆಯುತ್ತಾರೆ.