ಕ್ವಿಬೆಕ್ ಎಲ್ಲಿ ಹೋಯಿತು?

ಅಮೆರಿಕದ ಐಸ್ ಹಾಕಿ ತಂಡ ಕೊಲರಾಡೊ ಅವಲಾಂಚ್ ಕುರಿತ ಲೇಖನದಲ್ಲಿ ಲೇಖಕರು ತಂಡದ ಕತೆಯನ್ನು 1995ರಿಂದ ಆರಂಭಿಸಿ, ಮರುವರ್ಷವೇ ಚಾಂಪಿಯನ್ ತಂಡಕ್ಕೆ ಸಲ್ಲುವ ಸ್ಟ್ಯಾನ್ಲಿ ಕಪ್ ಗೆದ್ದದ್ದನ್ನು ಪವಾಡ ಎಂದಿದ್ದಾರೆ. ಪವಾಡವೇನೂ ಅಲ್ಲ ಸ್ವಾಮಿ, ಬೇರೆಯವರು ಬಿತ್ತಿ ಬೆಳೆಸಿದ್ದ ಪೈರನ್ನು, 1995ರಲ್ಲಿ ತಂಡ ಸ್ಥಳಾಂತರಗೊಂಡು ಬಂದ ಕೊಲರಾಡೊದ ಡೆನ್ವರ್ ನಗರ ಕೊಯ್ದುಕೊಂಡಿತು, ಅಷ್ಟೆ. ತಂಡ ಹುಟ್ಟಿದ್ದು 1972ರಲ್ಲಿ, ಕೆನಡಾದ ಕ್ವಿಬೆಕ್ ನಗರದಲ್ಲಿ, ನಾರ್ಡಿಕ್ಸ್ ಎಂಬ ಹೆಸರಿನಿಂದ. 1979ರಲ್ಲಿ ಉತ್ತರ ಅಮೆರಿಕದ ಪ್ರಮುಖ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್ ಸೇರಿತು. ತಂಡದ ತಾರೆ ಜೋ ಸ್ಯಾಕಿಕ್ ಪಳಗಿದ್ದು ಅಲ್ಲಿಯೇ.

1991ರಲ್ಲಿ ಹೊಸಬರ ಆಯ್ಕೆಯಲ್ಲಿ ನಾರ್ಡಿಕ್ಸ್ ಮೊದಲಿಗನಾಗಿ ಆರಿಸಿಕೊಂಡ ಎರಿಕ್ ಲಿಂಡ್ರೋಸ್ ಆ ಅಂಗಿ ತೊಡಲು ಒಪ್ಪಲೇ ಇಲ್ಲ. ಊರಿಗೆ ಅದು ಅವಮಾನವೇ. ಆದರೆ ಮರುವರ್ಷ ಅವರನ್ನು ಫಿಲಡೆಲ್ಫಿಯಾ ತಂಡಕ್ಕೆ ಕೊಟ್ಟು ಪೀಟರ್ ಫೋರ್ಸ್‌ಬರ್ಗ್ ಸೇರಿದಂತೆ ಹಲವು ಆಟಗಾರರನ್ನೂ ಒಂದೂವರೆ ಕೋಟಿ ಡಾಲರನ್ನೂ ಪಡೆದರು. ಇಂಥ ವ್ಯಾಪಾರ ಎಷ್ಟು ತಂಡಗಳಿಗೆ ಸಿಕ್ಕೀತು? ತಂಡವನ್ನು ಕೆಡವಿದ್ದು ಆಟವಲ್ಲ, ಲೆಕ್ಕಪತ್ರ: ಚಿಕ್ಕ ಊರು, ಕುಸಿದ ಕೆನಡಾ ಡಾಲರು, ಸಂಬಳವೆಲ್ಲ ಅಮೆರಿಕದ ಡಾಲರಿನಲ್ಲಿ.

ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಮಾತ್ರ ಡೆನ್ವರ್‌ನ ಸಂಪಾದನೆ, ಒಪ್ಪುತ್ತೇನೆ. ತಂಡ ಕ್ವಿಬೆಕ್‌ನಲ್ಲೇ ಉಳಿದಿದ್ದರೆ ಬದ್ಧವೈರಿ ಮಾಂಟ್ರಿಯಲ್ ಅವರನ್ನು ಬಿಟ್ಟುಕೊಡುತ್ತಿತ್ತೆಂದು ನನಗಂತೂ ಅನ್ನಿಸುವುದಿಲ್ಲ.