ಬಾಣ ಬದಲಿಸಲು ಹೋಗಿ

ಕೆಲಸ ಇಷ್ಟೇ. ನಾನು ಬರೆದ ಪುಟ್ಟ ಪ್ರೋಗ್ರಾಮು ದೊಡ್ಡ ಫೈಲನ್ನು ಓದಲು ಹತ್ತು ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಅಷ್ಟು ಹೊತ್ತು ಮೌಸಿನ ಬಾಣ ಹೋಗಿ, ಸುತ್ತುವ ಬಳೆ ಕಾಣಿಸಬೇಕು. ಮೌಸಿನ ಈ ಗುರುತಿಗೆ ಕರ್ಸರ್ ಅಂತ ಹೆಸರು; ವಿಂಡೋಸ್‌ನಲ್ಲಿ ಅದನ್ನು ಬದಲಿಸಲೆಂದೇ ಸೆಟ್‌ಕರ್ಸರ್ ಅನ್ನೋ ಫಂಕ್ಷನ್ ಇದೆ. ಒಂದು ಸಾಲು ಬರೆದೆ, ಓಡಿಸಿದೆ. ಬಳೆ ಬಂತು! ಕೈಕಟ್ಟಿ ಕೂತು ಹತ್ತು ಸೆಕೆಂಡೂ ನೋಡಿ ಖುಷಿಪಟ್ಟೆ.

ಕೈಕಟ್ಟಿ ಕೂತದ್ದೇ ತಪ್ಪು. ಎರಡನೇ ಸಲ ಮೌಸನ್ನು ಒಂಚೂರು ಅಲುಗಾಡಿಸಿದೆ. ಬಳೆ ಮಾಯ, ಬಾಣ ಹಾಜರ್. ಏನೂ ಆಗಿಲ್ಲವೆಂಬಂತೆ ನಿಂತಿತ್ತು.

ಅರ್ಧ ದಿನ ತಲೆ ಕೆರೆದುಕೊಂಡ ಮೇಲೆ ವಿಷಯ ತಿಳಿಯಿತು. ಪ್ರೋಗ್ರಾಮಿನ ಕಿಟಕಿ (ವಿಂಡೋ) ಸ್ತಬ್ಧ ಆಗಬಾರದೆಂದು ಫೈಲು ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ, ಅಂದರೆ ಅದೇ ಪ್ರೋಗ್ರಾಮಿನಲ್ಲಿ ಪಕ್ಕದಲ್ಲೇ ಓಡುವ ಇನ್ನೊಂದು ಎಳೆಗೆ ವಹಿಸಿದ್ದೆ. ಹಾಗಾಗಿ ಕಿಟಕಿ ಎಚ್ಚರವಾಗಿಯೇ ಇತ್ತು. ಮೌಸ್ ಅಲುಗಿದಾಗಲೆಲ್ಲ ವಿಂಡೋಸ್ ಅದಕ್ಕೆ ಡಬ್ಲ್ಯೂಎಂ_ಸೆಟ್‌ಕರ್ಸರ್ ಎಂಬ ಸಂದೇಶ ಕಳಿಸುತ್ತದೆ. ‘ಈಗ ಯಾವ ಕರ್ಸರ್ ಹಾಕಲಿ?’ ಅಂತ ಕೇಳಿದ ಹಾಗೆ. ನಾವು ಬಾಯಿ ಬಿಡದಿದ್ದರೆ, ಕಿಟಕಿಯ ಕ್ಲಾಸನ್ನು (ಅದು ಹೇಗಿರಬೇಕೆಂಬ ನಮೂನೆಯನ್ನು) ನೋಂದಾಯಿಸುವಾಗ ಕೊಟ್ಟಿದ್ದ ಬಾಣವನ್ನೇ ಅದು ವಾಪಸ್ ಹಾಕುತ್ತದೆ. ಆ ಬಾಣ ಕೊಟ್ಟವನೂ ನಾನೇ ಅಲ್ವಾ, ಬೈಯಲೂ ಯಾರೂ ಸಿಗಲಿಲ್ಲ.

ಸರಿ, ಆ ಸಂದೇಶ ಬಂದಾಗಲೆಲ್ಲ ಬಳೆ ಹಾಕಿ, ‘ನಾನು ನೋಡಿಕೊಂಡೆ, ನೀನು ಸುಮ್ನಿರು’ ಅಂತ ಟ್ರೂ ಹಿಂತಿರುಗಿಸಿದೆ. ಈಗ ಬಳೆ ಜಾಸ್ತಿಯೇ ಅಂಟಿಕೊಂಡಿತು. ಕಿಟಕಿಯ ಅಂಚಿಗೆ ಹೋದರೆ ಹಿಗ್ಗಿಸಲು ಬರಬೇಕಾದ ಎರಡು ಮುಖದ ಬಾಣ ಇಲ್ಲ, ಅಲ್ಲೂ ಬಳೆ. ಮುಚ್ಚುವ ಗುಂಡಿಯ ಮೇಲೂ ಬಳೆ. ಮೌಸ್ ಕಿಟಕಿಯ ಯಾವ ಭಾಗದಲ್ಲಿದೆ ಅನ್ನೋದು ಸಂದೇಶದ ಜೊತೆಗೇ ಬರುತ್ತದೆ. ಅದನ್ನು ನೋಡಿ, ಒಳಭಾಗವಾದರೆ ಮಾತ್ರ ಬಳೆ, ಉಳಿದದ್ದು ವಿಂಡೋಸ್‌ನ ಪಾಡಿಗೆ ಅಂತ ಬಿಟ್ಟ ಮೇಲೆ ಎಲ್ಲ ಸರಿಹೋಯಿತು.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗೆದ್ದ ಹುಮ್ಮಸ್ಸು ನೋಡಿ, ಮಾಮೂಲಿ ಬಾಣದ ಬದಲು ನಂದೇ ಒಂದು ಪೆನ್ಸಿಲ್ ಇರಲಿ ಅನ್ನಿಸಿತು. 32ಕ್ಕೆ 32 ಪಿಕ್ಸೆಲ್‌ನ ಚೌಕದಲ್ಲಿ, ಎಡಗಡೆ ಕೆಳಮೂಲೆಗೆ ಮೊನೆ ಬರುವಂತೆ ಚೆಂದದ ಹಳದಿ ಪೆನ್ಸಿಲ್ ಬಿಡಿಸಿದೆ. ಪ್ರೋಗ್ರಾಮನ್ನು ಗೆಳೆಯನಿಗೆ ಕೊಟ್ಟೆ.

ಮರುದಿನ ಫೋನ್. "ಮಾರಾಯ, ಉಳಿಸು ಅಂತ ಒತ್ತಿದರೆ ಅಳಿಸಿಬಿಡ್ತಲ್ಲೋ!"

"ನೀನು ಅಳಿಸು ಅಂತಲೇ ಒತ್ತಿರ್ತೀಯ. ಒಂದು ಅಕ್ಷರದ ವ್ಯತ್ಯಾಸ, ಸರಿಯಾಗಿ ಓದು" ಅಂದೆ, ದೊಡ್ಡ ಮನುಷ್ಯನ ಹಾಗೆ.

ತೋರಿಸಿಯೇಬಿಡೋಣ ಅಂತ ನನ್ನ ಫೈಲನ್ನೇ ತೆರೆದೆ. ಪೆನ್ಸಿಲ್ ಮೊನೆಯನ್ನು ‘ಉಳಿಸು’ ಮೇಲೆ ಇಟ್ಟು ಒತ್ತಿದೆ. ಅದರ ಮೇಲಿದ್ದ ‘ಅಳಿಸು’ ಗುಂಡಿ ಒಳಕ್ಕೆ ಹೋಗಿ ಬಂತು. ಫೈಲೂ ಹೋಯಿತು, ಬರಲಿಲ್ಲ.

ಕರ್ಸರಿನ ಚಿತ್ರದಲ್ಲಿ ಒತ್ತುವ ಬಿಂದು ಒಂದೇ, ಹಾಟ್‌ಸ್ಪಾಟ್. ಅದು ಎಲ್ಲಿದೆ ಅಂತ ಕೋಡಿನಲ್ಲಿ ನಾವೇ ಹೇಳಬೇಕು. ನಾನು ಎರಡೂ ಕಡೆ ಸೊನ್ನೆ ಬರೆದಿದ್ದೆ, ಅಂದರೆ ಎಡಗಡೆ ಮೇಲ್ಮೂಲೆ. ಮೊನೆ ತೋರಿಸುವುದು ಒಂದು ಕಡೆ, ಒತ್ತುವುದು ಅದಕ್ಕಿಂತ 31 ಪಿಕ್ಸೆಲ್ ಮೇಲೆ.

ಎರಡನೇ ಸೊನ್ನೆಯನ್ನು 31 ಮಾಡಿದೆ. ಗೆಳೆಯನಿಗೆ ಫೋನ್ ಮಾಡಿ, "ಹೊಸದು ಕಳಿಸ್ತೀನಿ, ಇದರಲ್ಲಿ ಪೆನ್ಸಿಲ್ ಸುಧಾರಿಸಿದೆ" ಅಂದೆ. ನನ್ನ ಫೈಲಿನ ವಿಷಯ ಎತ್ತಲಿಲ್ಲ.